ಗಾಜು ಹಾಕಿಸಿದ ಕವಿತೆ

ಉಪ್ಪು ಹಾಕಿದೆನೋ ಇಲ್ಲವೋ ನೀರಜಾಳಿಗೆ ನೆನಪಾಗಲೊಲ್ಲದು. ಉಪ್ಪಿಟ್ಟಿನ ಎಸರು ಕುದಿಯುತ್ತಿದೆ, ಉಪ್ಪಿನ ಡಬ್ಬಿಯ ಮುಚ್ಚಳ ತೆರೆದೇ ಇದೆ, ಚಮಚ ಒದ್ದೆಯಾಗಿದೆ. ಅದು ಈಗ ಒದ್ದೆಯಾದದ್ದೋ, ಬೆಳಿಗ್ಗೆ ಚಹಾ ಮಾಡುವಾಗ ಒದ್ದೆಯಾದದ್ದೋ? ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದರೆ ತಗಾದೆಯೇ ಇಲ್ಲ. ಆದರೆ ದೇವರಿಗೆ ತೋರಿಸುವ ಮುಂಚೆ ರುಚಿ ನೋಡುವ ಪದ್ಧತಿ ಆ ಮನೆಯಲ್ಲಿಲ್ಲ, ಎಂಜಲಾಗುತ್ತದೆ. ಅತ್ತೆ ತೀರಿಕೊಂಡು ಆರು ವರ್ಷವಾಯಿತು, ಅವರ ನಿಯಮ ಮಾತ್ರ ಗಟ್ಟಿಮುಟ್ಟಾಗಿದೆ. ಮೊನ್ನೆ ತಾನೆ ಕಾಲೇಜಿನಲ್ಲಿ ಮಡಿಮೈಲಿಗೆಯ ವಿರುದ್ಧ ಮುಕ್ಕಾಲು ಗಂಟೆ ಮಾತಾಡಿ ಹುಡುಗಿಯರಿಂದ ಚಪ್ಪಾಳೆ ಹೊಡೆಸಿಕೊಂಡು ಬಂದ ಕನ್ನಡ ಲೆಕ್ಚರರ್ ಸ್ವಂತ ಒಲೆಯ ಮುಂದೆ ಒಂದು ಹನಿ ಎಸರಿಗೆ ಹೆದರಿ ನಿಂತಿದ್ದಳು. ಉಪ್ಪಿಲ್ಲದಿದ್ದರೆ ಗಂಡ ವ್ಯಾಸರಾಜರು ಏನೂ ಅನ್ನುವುದಿಲ್ಲ, ಸುಮ್ಮನೆ ಉಪ್ಪಿನಕಾಯಿ ಕೇಳುತ್ತಾರೆ. ಎರಡು ಸಲ ಬಿದ್ದಿದ್ದರೂ ಅನ್ನುವುದಿಲ್ಲ. ಅಂದು ಮುಗಿಸುವ ಮನುಷ್ಯರಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಎಲ್ಲವನ್ನೂ ಒಳಗೆ ಇಟ್ಟುಕೊಳ್ಳುತ್ತಾರೆ, ಯಾವ ದಿನದ ಉಪ್ಪು ಯಾವ ದಿನ ಹೊರಗೆ ಬರುತ್ತದೆಂದು ಹದಿನೇಳು ವರ್ಷ ಸಂಸಾರ ಮಾಡಿದ ಅವಳಿಗೂ ಹೇಳಲು ಬಾರದು. ಕೊನೆಗೆ ಅರ್ಧ ಚಮಚ ಹಾಕಿದಳು. ಇದ್ದರೆ ಸ್ವಲ್ಪ ಹೆಚ್ಚು, ಇರದಿದ್ದರೆ ಸ್ವಲ್ಪ ಕಡಿಮೆ. ಇಷ್ಟು ವರ್ಷದಿಂದ ಅವಳು ಬದುಕಿದ್ದೇ ಈ ಅರ್ಧ ಚಮಚದ ಲೆಕ್ಕದಲ್ಲಿ.

ಹನ್ನೊಂದು ಗಂಟೆಗೆ ಕಂಪ್ಲಿಯಲ್ಲಿರಬೇಕು. ನಿನ್ನೆ ಸಂಜೆ ಎರ್ರೆಮ್ಮ ಫೋನು ಮಾಡಿದ್ದಳು. ಹಿಂದೆ ರೈಸ್ ಮಿಲ್ಲಿನ ಸದ್ದು, ಅದರ ಮೇಲೆ ಕೂಗಿ ಮಾತಾಡುತ್ತಿದ್ದಳು. "ಅಕ್ಕಾರ, ನಾಳಿಗೆ ದೈವ ಕೂಡ್ತೈತ್ರಿ. ನೀವು ಬಂದು ಒಂದ್ ಮಾತು ಹೇಳಿದ್ರ ಸಾಕ್ರಿ. ಅವ ಮಲಗಿರ್ಲಿಲ್ಲ, ಎದ್ದಿದ್ದ ಅಂತ. ನನ್ನ ಮಾತು ಯಾರೂ ನಂಬವಲ್ರು. ಗಾಜಿನ್ಯಾಗ ಬರದೈತಿ ಅಂತಾರ." ದೈವವೆಂದರೆ ಆ ಕೇರಿಯ ಹಿರಿಯರ ಕೂಟ, ಗುಡಿಯ ಕಟ್ಟೆಯ ಮೇಲೆ ಕೂತು ಅವರು ಆಡಿದ ಮಾತು ಆಡಿದಂತೆ. ಎರ್ರೆಮ್ಮನ ಗಂಡ ಮಾರೇಶ ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸುವವನು. ಎಂಟು ತಿಂಗಳ ಕೆಳಗೆ ಅವಳು ಅವನ ಮುಖಕ್ಕೆ ರೊಟ್ಟಿಯ ಹಂಚಿನಿಂದ ಬಾರಿಸಿದಳು. ದವಡೆ ಮುರಿದು, ಎಡಗೆನ್ನೆ ಸುಟ್ಟು, ಅವನು ತಾಯಿಯ ಮನೆ ಸೇರಿದ. ಅಂದಿನಿಂದ ಎರ್ರೆಮ್ಮ ಮಿಲ್ಲಿನ ಕಣದಲ್ಲಿ ಭತ್ತ ಒಣಗಿಸುತ್ತ, ಒಂಬತ್ತು ವರ್ಷದ ಮಗಳು ದುರುಗವ್ವನನ್ನು ಶಾಲೆಗೆ ಕಳಿಸುತ್ತ ಒಬ್ಬಳೇ ಇದ್ದಾಳೆ. ಈಗ ಮಾರೇಶ ಮಗಳನ್ನು ಸಂಡೂರಿಗೆ ಕಳಿಸಿ ಎನ್ನುತ್ತಿದ್ದಾನೆ. ಮಗಳು ಹೋದರೆ ತಾಯಿ ಎಂಟು ದಿನ ತಡೆಯುವುದಿಲ್ಲ, ಬೆನ್ನ ಹಿಂದೆಯೇ ಹೋಗಿ ಅವನ ಹೊಸ್ತಿಲು ತುಳಿಯುತ್ತಾಳೆ. ಅದು ಮಾರೇಶನಿಗೆ ಗೊತ್ತು, ಎರ್ರೆಮ್ಮನಿಗೆ ಗೊತ್ತು, ಕೇರಿಗೆಲ್ಲ ಗೊತ್ತು. ಹಾಗೆ ಹೋದ ದಿನ ಅವನು ಏನು ಮಾಡುತ್ತಾನೆಂಬುದೂ ಗೊತ್ತು.

ಗಾಜಿನಲ್ಲಿ ಇರುವುದು ನೀರಜಾಳ ಕವಿತೆ. ಹೊಸಪೇಟೆಯ ಮಹಿಳಾ ಸಂಘದವರು ವಾರ್ಷಿಕೋತ್ಸವಕ್ಕೆ ಗಂಡನ ಹೊಡೆತಕ್ಕೆ ತಿರುಗಿ ನಿಂತ ಐದು ಜನ ಹೆಂಗಸರನ್ನು ಹುಡುಕಿ ತಂದಿದ್ದರು. ಸನ್ಮಾನವೆಂದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ಬಿನ್ನವತ್ತಳೆ ಎಲ್ಲ ಆಗಬೇಕಲ್ಲ. ಬಿನ್ನವತ್ತಳೆಯಲ್ಲಿ ಯಾವಾಗಲೂ ಇರುವ ಆ ಹೊಗಳಿಕೆಯ ಗದ್ಯ ಬೇಡ, ಒಬ್ಬೊಬ್ಬರ ಮೇಲೆ ಒಂದೊಂದು ಕವಿತೆ ಇರಲಿ ಎಂದದ್ದು ಅಧ್ಯಕ್ಷೆ ಶೈಲಶ್ರೀ. "ನೀವ ಬರೀರಿ ಮೇಡಂ, ನಿಮ್ಮ ಪೆನ್ನಿಗೆ ಭಾಳ ಧಮ್ ಐತಿ" ಅಂದರು, ಇವಳು ಉಬ್ಬಿದಳು. ಉಬ್ಬಿದ್ದು ಸುಳ್ಳಲ್ಲ. ಸಂಘದ ಕೋಣೆಯಲ್ಲಿ ಎದುರಿಗೆ ಎರ್ರೆಮ್ಮನನ್ನು ಕೂಡಿಸಿಕೊಂಡು ನೋಟ್‌ಬುಕ್ಕು ತೆರೆದಾಗ ಅವಳು ಹೇಳಿದ್ದು ಬೆರಳೆಣಿಕೆಯ ಮಾತು. "ರೊಟ್ಟಿ ಬಡಿಯಾಕತ್ತಿದ್ನಿ. ಬಂದ. ಕುತಿಗಿ ಹಿಚಗಿದ. ಕಣ್ಣಿಗೆ ಕತ್ತಲಿ ಬಂತು. ಕೈಗೆ ಹಂಚು ಸಿಕ್ತು, ಬಡದ್ನಿ." ಮತ್ತೆ? "ಮತ್ತೇನ್ರಿ, ಅಷ್ಟ. ಅಂಗೈ ಸುಟ್ಟಿತ್ತು, ಆಗ ಗೊತ್ತಾಗ್ಲಿಲ್ಲ." ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರೆ, ಮನಸ್ಸಿನಲ್ಲಿ ಏನಿರುತ್ತದೆ ಎಂಬಂತೆ ಕಣ್ಣರಳಿಸಿ ನೋಡಿದಳು. ನೀರಜಾಳಿಗೆ ಅವತ್ತು ನಿರಾಸೆಯಾಗಿತ್ತು. ಇಷ್ಟಕ್ಕೆಲ್ಲ ಕವಿತೆ ಹುಟ್ಟುವುದಿಲ್ಲ ಎಂದು ಅನ್ನಿಸಿತ್ತು. ಒಬ್ಬ ಹೆಂಗಸು ಸಾಯುವುದರಿಂದ ಪಾರಾಗಿ ಬಂದು ಎದುರಿಗೆ ಕೂತಿರುವಾಗ ಹಾಗನ್ನಿಸಿತ್ತು. ಮನೆಗೆ ಬಂದು ಬರೆಯಲು ಕೂತಾಗ ಎರ್ರೆಮ್ಮ ಹೇಳದ ಒಂದು ಮಾತು ತಾನಾಗಿ ಬಂತು. ಕವಿತೆಯ ಹೆಂಗಸು ಕಾದಳು. ಗಂಡ ಮಲಗಲಿ ಎಂದು ಕಾದಳು. ಸಭೆಯಲ್ಲಿ ಆ ಸಾಲಿಗೇ ಚಪ್ಪಾಳೆ ಬಿದ್ದದ್ದು. ಅಂದು ವ್ಯಾಸರಾಜರು ಬಂದಿರಲಿಲ್ಲ, ಕಾಲುವೆ ಇಂಜಿನಿಯರರಾದ ಅವರಿಗೆ ಅದು ನೀರು ಬಿಡುವ ದಿನ. ಬಿಡುವಿದ್ದರೂ ಅವರು ಹೆಂಡತಿಯ ಕವಿತೆಗಳ ಹತ್ತಿರ ಸುಳಿಯುವವರಲ್ಲ. ಎರ್ರೆಮ್ಮನಿಗೆ ಓದು ಬಾರದು. ಬಂಗಾರದ ಬಣ್ಣದ ಅಂಚು, ಒಳಗೆ ದುಂಡಗಿನ ಅಕ್ಷರ, ಮೇಲೆ ಗಾಜು. ಊರಿಗೆ ಒಯ್ದು ದೇವರ ಪಟದ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದಳು. ಹಬ್ಬಕ್ಕೆ ಹೂ ಏರಿಸಿದಳಂತೆ. ಮಾರೇಶನ ತಮ್ಮ ಪ್ರವೀಣ ಹತ್ತನೇ ಕ್ಲಾಸಿನವರೆಗೆ ಓದಿದವನು. ಒಂದು ದಿನ ಅತ್ತಿಗೆಯ ಮನೆಗೆ ಬಂದವನು ಗೋಡೆ ನೋಡಿದ, ಓದಿದ, ಮೊಳೆಯಿಂದ ಇಳಿಸಿಕೊಂಡು ಹೋಗಿ ನೇರ ದೈವದ ಮುಂದೆ ಇಟ್ಟ.

"ಛಲೋ ಆಗೇದ" ಎಂದರು ವ್ಯಾಸರಾಜರು ಉಪ್ಪಿಟ್ಟು ತಿನ್ನುತ್ತ. ಉಪ್ಪಿನ ಬಗ್ಗೆಯೋ, ಹಾಗೇ ಅಂದದ್ದೋ. "ಬಸ್ಸಿನ್ಯಾಗ ಯಾಕ ಹೋಗ್ತೀ ಈ ಬಿಸಿಲಾಗ? ಸಂಡೇ ಅದ, ನಾನೂ ಖಾಲಿ ಇದ್ದೀನಿ, ಬಿಟ್ಟು ಬರ್ತೀನಿ. ಅಲ್ಲೆ ಎಲ್ಲಾರೂ ನನ್ನ ಬಲ್ಲವರು." ಬೇಡ ಎನ್ನಲು ಕಾರಣ ಬೇಕಿತ್ತು, ಹೊಳೆಯಲಿಲ್ಲ. ಒಬ್ಬಳೇ ಹೋಗಿದ್ದರೆ ಹೇಳಬೇಕಾದದ್ದನ್ನು ಅವಳು ರಾತ್ರಿಯೇ ಬಾಯಿಪಾಠ ಮಾಡಿಕೊಂಡಿದ್ದಳು. ಅದು ಕವಿತೆ. ಕಾದದ್ದು ನನ್ನ ಕಲ್ಪನೆ. ಎರ್ರೆಮ್ಮ ಹೇಳಿದ್ದೇ ನಿಜ. ಮೂರು ವಾಕ್ಯ. ಪಾಠದ ಕೊನೆಗೆ ಬರುವ ಒಂದು ಅಂಕದ ಉತ್ತರಗಳಷ್ಟು ಸುಲಭ. ಆದರೆ ಕಾರಿನ ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಂಡಾಗ ಎರಡನೆಯ ವಾಕ್ಯ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅಡ್ಡ ಬಂತು. ಕಲ್ಪನೆ! ಅವಳಿಗೆ ಕಲ್ಪನೆ ಎಲ್ಲಿಂದ ಬರಬೇಕು. ಕಲ್ಪನೆಯಿದ್ದವರು ಬೇರೆ ಬದುಕನ್ನು ಕಲ್ಪಿಸಿಕೊಂಡು ಎದ್ದು ಹೋಗುತ್ತಾರೆ.

ಕಮಲಾಪುರದ ಕೆರೆ ದಾಟಿದ ಮೇಲೆ ಬಾಡಿಗೆ ಮೊಪೆಡ್ಡಿನಲ್ಲಿ ಇಬ್ಬರು ವಿದೇಶಿ ಹುಡುಗಿಯರು ಹಂಪಿಯ ಕಡೆ ತಿರುಗಿದರು. ಹಿಂದೆ ಕೂತವಳು ಎರಡೂ ಕೈ ಬಿಟ್ಟು ಕೂದಲು ಕಟ್ಟಿಕೊಳ್ಳುತ್ತಿದ್ದಳು. ಬಿದ್ದುಗಿದ್ದಾಳು ಎಂದು ಇವಳಿಗೆ ಜೀವ ಹಾರಿತು. ವ್ಯಾಸರಾಜರು ಬಾಳೆತೋಟದ ಹತ್ತಿರ ಗಾಡಿ ನಿಲ್ಲಿಸಿ ಎಳನೀರು ಕೊಡಿಸಿದರು. ಸ್ಟ್ರಾ ಒರೆಸಿ ಕೊಟ್ಟರು. "ಗಂಜಿ ತಿಂತೀಯೇನು, ಎಳೇದದ" ಎಂದರು. ಎಳನೀರಿನವನು ಅವರ ಗುರುತು ಹಿಡಿದು ದುಡ್ಡು ಬೇಡವೆಂದ, ಇವರು ಬಿಡದೆ ಅವನ ಜೇಬಿಗೆ ತುರುಕಿದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ ಮಾಡಿದವರು ಇವರನ್ನು ನೋಡಿಯೇ ಮಾಡಿರಬೇಕು ಎಂದುಕೊಂಡು, ಆಮೇಲೆ ಗಾದೆ ಪೂರ್ತಿ ಹೊಂದುವುದಿಲ್ಲ ಎನ್ನಿಸಿತು. ಮನೆಯಲ್ಲೂ ಅವರು ಬಹಳ ದಿನ ಉಪಕಾರಿಯೇ. ಜ್ವರ ಬಂದರೆ ಹಣೆಗೆ ಪಟ್ಟಿ ಹಾಕುತ್ತಾರೆ. ಮೂರು ವಾರದ ಹಿಂದೆ, ಬಂದ ನೆಂಟರ ಮುಂದೆ ಯಾವುದೋ ಮಠದ ಆರಾಧನೆಯ ತಿಥಿಯನ್ನು ಅವರು ದ್ವಿತೀಯಾ ಎಂದರು, ಇವಳು ನಗುತ್ತ ತೃತೀಯಾ ಎಂದಳು. ತೃತೀಯಾ ಹೌದು. ನೆಂಟರು ಊಟ ಮಾಡಿ, ವೀಳ್ಯ ಹಾಕಿ, ಆಟೋ ಹತ್ತಿ ಹೋಗುವವರೆಗೆ ಅವರ ಮುಖದಲ್ಲಿ ಗೆರೆಯೂ ಬದಲಾಗಲಿಲ್ಲ. ಬಾಗಿಲು ಹಾಕಿ ಬಂದರು. ಕನ್ನಡಕ ತೆಗೆದರು. ಮಡಿಸಿ ಪೆಟ್ಟಿಗೆಯಲ್ಲಿಟ್ಟು ಟಪ್ಪೆಂದು ಮುಚ್ಚಿದರು. ಆ ಸದ್ದಿಗೇ ಅವಳು ಬೆನ್ನು ತಿರುಗಿಸುತ್ತಾಳೆ, ಹೇಳಿಸಿಕೊಳ್ಳುವುದಿಲ್ಲ. ಮೊದಲ ಸಲ ಹೀಗಾದದ್ದು ಈ ಮನೆಯ ಗೃಹಪ್ರವೇಶದ ದಿನ. ಮುಖಕ್ಕೆ ಯಾವತ್ತೂ ಹೊಡೆದವರಲ್ಲ. ಅದು ಮಕ್ಕಳ ಮುಂದೆ ಪಾಠಕ್ಕೆ ನಿಲ್ಲುವ ಮುಖ. ಹೊಡೆಯುವಾಗ ಬೈಗುಳವಿಲ್ಲ, ಕೂಗಿಲ್ಲ. ಗುಣಾಕಾರ ಮಾಡುವವರಂತೆ ತುಟಿ ಬಿಗಿದಿರುತ್ತಾರೆ. ಆಮೇಲೆ ಕೈ ತೊಳೆದು ಬಂದು ಮಲಗುತ್ತಾರೆ, ನಿದ್ದೆ ಹತ್ತಿಬಿಡುತ್ತದೆ.

ಅವಳು ಕುರ್ಚಿ ಎಳೆದುಕೊಂಡು ಕೂರುವುದು ಆವಾಗ. ಮಟಮಟ ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಅವರ ಮುಖಕ್ಕೆ ಓರೆಯಾಗಿ ಬಿದ್ದಿರುತ್ತದೆ. ಮೂಗಿನ ಎರಡೂ ಬದಿಗೆ ಕನ್ನಡಕ ಒತ್ತಿ ಒತ್ತಿ ಆದ ಕುಳಿಗಳು, ಕೆಂಪಗೆ, ಹುಣಸೆಬೀಜದಷ್ಟು. ಕನ್ನಡಕವಿಲ್ಲದ ಮುಖ ಸಣ್ಣ ಮಗುವಿನದು. ಅವಳ ಮಡಿಲಲ್ಲಿ ಅತ್ತೆಯ ಹಿತ್ತಾಳೆಯ ಕುಟ್ಟಾಣಿ ಇರುತ್ತದೆ, ಹಲ್ಲು ಬಿದ್ದ ಮೇಲೆ ಅವರು ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದದ್ದು. ಉಸಿರು ಭಾರವಾಗುತ್ತದೆ. ಈಗ ಎನ್ನಿಸುತ್ತದೆ. ಇನ್ನೊಂದು ಉಸಿರು ಆಗಲಿ ಎನ್ನಿಸುತ್ತದೆ. ಕೈ ಬೆವರಿ ಹಿತ್ತಾಳೆಯ ವಾಸನೆ ಹತ್ತುತ್ತದೆ. ನಾಲ್ಕು ಗಂಟೆಗೆ ಹಾಲಿನವನು ಗಂಟೆ ಬಾರಿಸುತ್ತಾನೆ, ಎದ್ದು ಕುಟ್ಟಾಣಿಯನ್ನು ಗೂಡಿನಲ್ಲಿಟ್ಟು ಪಾತ್ರೆ ಹಿಡಿದು ಹೋಗುತ್ತಾಳೆ. ಇದನ್ನು ಅವಳು ಯಾರಿಗೂ ಹೇಳಿಲ್ಲ. ಎರ್ರೆಮ್ಮನ ಹೆಸರಿನಲ್ಲಿ ಒಮ್ಮೆ ಬರೆದಳು, ಅಷ್ಟೇ. ಬರೆದ ದಿನ ಎಂಥ ಹಗುರ! ಬೇರೆಯವರ ಬಾಗಿಲಲ್ಲಿ ಕಸ ಸುರಿದು ಬಂದವರಿಗೂ ಹಾಗೇ ಹಗುರವಾಗುತ್ತದೆ.

ಗುಡಿಯ ಕಟ್ಟೆಯ ಮೇಲೆ ಜಮಖಾನ ಹಾಸಿದ್ದರು. ಹಿರಿಯ ಅಂಜಿನಯ್ಯ ವ್ಯಾಸರಾಜರನ್ನು ಕಂಡದ್ದೇ ಎದ್ದು ನಿಂತ. "ಅರೆ, ಸಾಹೇಬ್ರು! ಬರ್ರಿ ಬರ್ರಿ, ಕುಂದ್ರಿ. ಹೋದ ಬ್ಯಾಸಿಗಿಗೆ ನಮ್ಮ ತಳಗಿನ ಗದ್ದಿಗೆ ನೀರು ಮುಟ್ಟಿದ್ದು ಈ ಸಾಹೇಬ್ರಿಂದ ನೋಡ್ರಪಾ." ಪ್ಲಾಸ್ಟಿಕ್ ಕುರ್ಚಿ ಬಂತು, ಅದನ್ನು ಟವೆಲಿನಿಂದ ಒರೆಸಿದರು. ನೀರಜಾಳಿಗೂ ಒಂದು ಬಂತು, ಒರೆಸಲಿಲ್ಲ. ಕಾಲುವೆ ಇಂಜಿನಿಯರ ಹೆಂಡತಿಯಾಗಿ ಅವಳಿಗೆ ಅಲ್ಲಿ ಕೂರುವ ಹಕ್ಕು ಸಿಕ್ಕಿತು. ಬರೆದವಳಾಗಿ ಬಂದವಳೆಂಬುದು ಯಾರಿಗೂ ಥಟ್ಟನೆ ಹೊಳೆಯಲಿಲ್ಲ. ಮಾರೇಶ ಒಂದು ಬದಿಗೆ ಕುಕ್ಕರಗಾಲಲ್ಲಿ ಕೂತಿದ್ದ. ದವಡೆ ಓರೆ, ಕೆನ್ನೆಯಲ್ಲಿ ನುಣ್ಣಗೆ ಹೊಳೆಯುವ ಕಲೆ. ಅವನನ್ನು ನೋಡಿ ಅವಳಿಗೆ ಮರುಕ ಬಂತು, ತನ್ನ ಮರುಕದ ಬಗ್ಗೆ ಅಸಹ್ಯವಾಯಿತು. ಎರ್ರೆಮ್ಮ ಕಂಬಕ್ಕೆ ಆತು ನಿಂತಿದ್ದಳು, ಪಕ್ಕದಲ್ಲಿ ದುರುಗವ್ವ. ಭಾನುವಾರವಾದರೂ ಮಗುವಿಗೆ ಶಾಲೆಯ ಸಮವಸ್ತ್ರ, ಇಸ್ತ್ರಿ ಹಾಕಿದ್ದು. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಬಟ್ಟೆ ಇದ್ದಿರಲಿಕ್ಕಿಲ್ಲ. ಎರ್ರೆಮ್ಮ ಇವಳನ್ನು ನೋಡಿ ನಕ್ಕಳು. ಬಂದಿರಲ್ಲ, ಇನ್ನು ಚಿಂತೆಯಿಲ್ಲ ಎಂಬ ನಗು. ನೀರಜಾ ಸೆರಗು ಸರಿಮಾಡಿಕೊಂಡಳು.

ಕಟ್ಟೆಯ ನಡುವೆ ಗೋಡೆಗೆ ಒರಗಿಸಿ ಆ ಚೌಕಟ್ಟು ಇಟ್ಟಿದ್ದರು. ಕೆಳಗೆ ಸಂಘದ ದುಂಡು ಸೀಲು, ಅಧ್ಯಕ್ಷೆಯ ಸಹಿ. "ಸೀಲ್ ಐತಿ, ಸಹಿ ಐತಿ" ಎಂದ ಪ್ರವೀಣ, ಆಸ್ತಿಪತ್ರ ತೋರಿಸುವವನಂತೆ. "ಮೇಡಂ ಅಂದ್ರ ಕಾಲೇಜಿನ್ಯಾಗ ಪಾಠ ಹೇಳೋರು. ಅವರು ಸುಳ್ಳು ಬರೀತಾರೇನ್ರಿ?" ಇಲ್ಲಪ್ಪ, ಅವರು ಯಾಕೆ ಸುಳ್ಳು ಬರೆದಾರು ಎಂದು ನಾಲ್ಕು ತಲೆ ಅಲ್ಲಾಡಿದವು. ಇಷ್ಟು ವರ್ಷದಲ್ಲಿ ಅವಳ ಕವಿತೆಯನ್ನು ಇಷ್ಟು ನಂಬಿದವರು ಯಾರೂ ಇರಲಿಲ್ಲ. ವಿಮರ್ಶಕರು ಶೈಲಿ ಎಂದರು, ಗೆಳತಿಯರು ಧೈರ್ಯ ಎಂದರು, ಈ ಕಟ್ಟೆಯ ಜನ ನಿಜ ಎಂದರು. ಓದಪ್ಪ ಎಂದ ಅಂಜಿನಯ್ಯ. ಪ್ರವೀಣ ಎದ್ದು ನಿಂತು, ಬೆರಳಿಟ್ಟು, ರೇಷನ್ ಅಂಗಡಿಯ ಪಟ್ಟಿ ಓದುವ ದನಿಯಲ್ಲಿ ಓದಿದ.

"ಕಾದಳು ಅವಳು
ಅವನ ಉಸಿರು ಭಾರವಾಗುವ ತನಕ,
ಮೂಗಿನ ಮೇಲಿನ ಎರಡು ಕುಳಿಗಳು
ಬಿಸಿಲಿಗೆ ಎರಡು ಬಾವಿಗಳಾಗುವ ತನಕ.
ಇಷ್ಟು ವರ್ಷ ಉಂಡದ್ದನ್ನೆಲ್ಲ
ಅಂಗೈಗೆ ಇಳಿಸಿಕೊಂಡು
ಎತ್ತಿದಳು ಹಂಚು."

ಸಭಾಂಗಣದಲ್ಲಿ ಮೈಕಿನ ಮುಂದೆ ಅವಳು ಇದನ್ನು ಓದುವಾಗ 'ಎತ್ತಿದಳು' ಎಂಬಲ್ಲಿ ಒಂದು ಕ್ಷಣ ತಡೆದು ನಿಂತಿದ್ದಳು. ಪ್ರವೀಣ ತಡೆಯಲಿಲ್ಲ. ತಡೆಯದೆ ಓದಿದಾಗ ಅದರಲ್ಲಿ ಉಳಿದದ್ದು ಒಂದು ಅಪರಾಧ ಮಾತ್ರ. ಉಸಿರು ಭಾರ ಎಂದರೆ ನಿದ್ದೆ ಹತ್ತಿದೆ ಎಂದು ಒಬ್ಬರು ಬಿಡಿಸಿ ಹೇಳಿದರು. ಅಂಜಿನಯ್ಯ ಎಲೆಯ ರಸ ಉಗಿದು ಬಂದು ಕೂತ. "ನೋಡವಾ ಎರ್ರೆಮ್ಮ, ಕೈ ಮಾಡಿದವನಿಗೆ ಕೈ ಮಾಡಿದ್ರ ನಾವೇನೂ ಅನ್ನಂಗಿಲ್ಲ. ನಮ್ಮವ್ವನೂ ನಮ್ಮಪ್ಪಗ ಒಂದ್ ಸಲ ಕಸಬರಿಗಿ ತಗಂಡಿದ್ಲು. ಆದ್ರ ಎದ್ದವನ್ನ ಬಡೀಬೇಕು. ಗಂಡ ಹೆಂಡ್ರ ಜಗಳ ಉಂಡು ಮಲಗೋತನ ಅಂತಾರ, ನೀ ಮಲಗಿದ ಮ್ಯಾಲೆ ಸುರು ಮಾಡಿದೀ." ಎಲ್ಲರೂ ನಕ್ಕರು. ಮಾರೇಶನೂ ಓರೆ ಬಾಯಲ್ಲಿ ನಕ್ಕ. "ಮಲಗಿದ ಜೀವದ ಮ್ಯಾಲೆ ಕೈ ಎತ್ತೋಳ ಕೈಯಾಗ ಕೂಸು ಹೆಂಗ ಬಿಡೋದು, ಹೇಳು."

"ನಾ ಕಾದಿಲ್ರೀ ಯಜಮಾನ್ರ" ಎಂದಳು ಎರ್ರೆಮ್ಮ. ದನಿಯಲ್ಲಿ ಅಳುವಿರಲಿಲ್ಲ. ಕಟ್ಟೆಯ ಹತ್ತಿರ ಬಂದು ಬಲಗೈ ಬಿಚ್ಚಿ ಹಿಡಿದಳು. ಅಂಗೈ ಅಡ್ಡಕ್ಕೆ ಒಂದು ದಪ್ಪ ಬಿಳಿಯ ಗೆರೆ. "ನೋಡ್ರಿ ಇದನ್ನ. ಮಲಗಿದವನ್ನ ಬಡಿಯಾಕ ಒಲಿಮ್ಯಾಗಿನ ಹಂಚು ಯಾರರ ಬರಿಗೈಲೆ ಹಿಡೀತಾರೇನ್ರಿ? ಕಟಿಗಿ ಇರ್ಲಿಲ್ಲೇನು ಮನ್ಯಾಗ? ಕುತಿಗಿ ಹಿಚಗತಿದ್ದ. ಸಿಕ್ಕಿದ್ದು ತಗಂಡ್ನಿ." ನಗು ನಿಂತಿತು. ಇಬ್ಬರು ಬಗ್ಗಿ ಅಂಗೈ ನೋಡಿದರು. ಮೂಲೆಯಲ್ಲಿದ್ದ ಮುದುಕನೊಬ್ಬ ಗಡ್ಡ ಕೆರೆಯುತ್ತ ಎಂದ, "ಇನ್ನೊಂದ್ ಐತಿ ನೋಡ್ರಪಾ. ಮೂಗಿನ ಮ್ಯಾಲೆ ಕುಳಿ ಅಂತ ಐತಲ್ಲ, ಅದು ಚಾಳೀಸು ಹಾಕ್ಕಂಡೋರಿಗೆ ಬೀಳೋದು. ಮಾರೇಶ ಎಂದು ಚಾಳೀಸು ಹಾಕ್ಯಾನ?" ಎಲ್ಲರೂ ಮಾರೇಶನ ಮೂಗು ನೋಡಿದರು. ಮಾರೇಶನೂ ತನ್ನ ಮೂಗು ಮುಟ್ಟಿ ನೋಡಿಕೊಂಡ. ಇಲ್ಲ, ಇಲ್ಲ ಎಂದರು. ಅಂಜಿನಯ್ಯನ ಹುಬ್ಬು ಗಂಟಿಕ್ಕಿತು. "ಬರದೋರು ಇಲ್ಲೇ ಅದಾರಲ್ಲ, ಕೇಳಿದ್ರಾತು. ಹೇಳ್ರೀ ಅಮ್ಮಾರ, ಎರ್ರೆಮ್ಮ ನಿಮಗ ಕಾದ್ನಿ ಅಂತ ಹೇಳಿದ್ಲೋ ಇಲ್ಲೋ? ನಿಮ್ಮ ಮಾತ ಕಡೀ ಮಾತು."

ನೀರಜಾ ಎದ್ದು ನಿಂತಳು. ಕ್ಲಾಸಿನಲ್ಲಿ ನಿಂತಂತೆ ನಿಂತಳು. "ಅದು ಕವಿತೆ ರೀ" ಎಂದಳು. "ಕಾದದ್ದು… ನನ್ನ ಕಲ್ಪನೆ."

"ಕಲ್ಪನೆ ಅಂದ್ರ? ಸುಳ್ಳೇನ್ರಿ?"

"ಸುಳ್ಳಲ್ಲ…"

"ಸುಳ್ಳಲ್ಲ ಅಂದ ಮ್ಯಾಲೆ ಎಲ್ಲೋ ನಡೆದಿದ್ದಿರ್ಬೇಕಲ್ರಿ. ಯಾರನ್ನೋ ನೋಡಿ ಬರದಿರ್ಬೇಕು. ಈ ಮೂಗಿನ ಕುಳಿ ಯಾರವು ಮತ್ತ?" ಅಂಜಿನಯ್ಯ ಕೇಳಿದ್ದು ಕೊಂಕಿಲ್ಲದೆ. ಯಾವ ವಿಮರ್ಶಕನೂ ಕೇಳದ ಪ್ರಶ್ನೆ, ಕೇಳಬೇಕಾದ ಪ್ರಶ್ನೆ. ಹೇಳಿಬಿಟ್ಟರೆ ಆಯಿತು. ಒಂದು ಬೆರಳು ತೋರಿಸಿದರೂ ಸಾಕು, ಮೂರು ಅಡಿಯ ಆಚೆ ಕುರ್ಚಿಯಲ್ಲಿದ್ದಾರೆ. ಅವಳ ಬಾಯಿ ತೆರೆದುಕೊಂಡಿತು. ಆಗ ವ್ಯಾಸರಾಜರು ಕನ್ನಡಕ ತೆಗೆದರು. ಬಿಸಿಲಿನ ದೂಳು, ಬೆವರು, ಯಾರಾದರೂ ತೆಗೆದು ಒರೆಸಿಕೊಳ್ಳುವ ಹೊತ್ತು. ಕರವಸ್ತ್ರದಲ್ಲಿ ಒಂದು ಗಾಜು ಒರೆಸಿದರು, ಇನ್ನೊಂದು ಗಾಜು ಒರೆಸಿದರು, ಮೆಲ್ಲಗೆ ಮಡಿಸಿದರು. ಅಷ್ಟಕ್ಕೆ ನೀರಜಾಳ ಬೆನ್ನು ತಾನಾಗಿ ತಿರುಗಿತು. ನೂರು ಜನರ ನಡುವೆ, ಹಾಡಹಗಲಿನಲ್ಲಿ, ದೇವರ ಗುಡಿಯ ಮುಂದೆ ಅವಳ ದೇಹ ಅವಳನ್ನು ಕೇಳದೆ ಅರ್ಧ ತಿರುಗಿ, ಭುಜ ಕುಗ್ಗಿಸಿ ನಿಂತುಬಿಟ್ಟಿತು. ಆ ಅವಮಾನ ಯಾರ ಕಣ್ಣಿಗೂ ಬೀಳಬಾರದೆಂದು ಅವಳು ಬಾಯಿಗೆ ಬಂದದ್ದನ್ನು ಹೇಳಿದಳು. "ಎರ್ರೆಮ್ಮ ಹೇಳಿದ್ದನ್ನೇ ಬರೆದೆ."

"ಅಕ್ಕಾರ!" ಎಂದಳು ಎರ್ರೆಮ್ಮ. "ನಾ ಹಂಗ ಅಂದಿಲ್ರೀ. ಯಾಕ್ರೀ ಅಕ್ಕಾರ, ನನ್ನ ಮಕ ನೋಡಿ ಹೇಳ್ರಿ. ನಾ ಎಂದು ಕಾದ್ನಿ ಅಂತ…" ಅವಳು ಮುಂದೆ ಬಂದು ಇವಳ ತೋಳು ಹಿಡಿಯಬೇಕು, ಅಷ್ಟರಲ್ಲಿ ಅವಳ ಕಣ್ಣು ಇವಳನ್ನು ದಾಟಿ ಹಿಂದಿನ ಕುರ್ಚಿಗೆ ಹೋಯಿತು. ವ್ಯಾಸರಾಜರ ಬರಿ ಮುಖ. ಬಿಸಿಲು ಅವರ ಮೂಗಿನ ಮೇಲೆ. ಎರ್ರೆಮ್ಮ ಅದನ್ನು ನೋಡಿದಳು. ಆಮೇಲೆ ನೀರಜಾಳ ಕುಗ್ಗಿದ ಭುಜ ನೋಡಿದಳು. ಕೂಲಿ ಮಾಡುವವರ ಕಣ್ಣು, ಭತ್ತದಲ್ಲಿ ಕಲ್ಲು ಹೆಕ್ಕಿದ ಕಣ್ಣು, ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳ ಮುಖದ ಮೇಲಿದ್ದ ಸಿಟ್ಟು ಇಳಿಯಿತು. ಇಳಿಯಬಾರದಿತ್ತು. ಕೂಗಿದ್ದರೆ, ಉಗಿದಿದ್ದರೆ, ಚಪ್ಪಲಿ ಎತ್ತಿದ್ದರೆ ನೀರಜಾ ಬದುಕಿಕೊಳ್ಳುತ್ತಿದ್ದಳು. ಎರ್ರೆಮ್ಮನ ಕಣ್ಣಿನಲ್ಲಿ ಬಂದದ್ದು ಕನಿಕರ. ಎತ್ತಿದ ಕೈಯನ್ನು ಕೆಳಗಿಳಿಸಿ, "ಆತು ಬಿಡ್ರಿ" ಎಂದಳು ಅಂಜಿನಯ್ಯನಿಗೆ. "ಅಕ್ಕಾರು ಹೇಳಿದಂಗ ಇರ್ಲಿ."

ಆಮೇಲಿನದು ಹತ್ತು ನಿಮಿಷದ ಮಾತು. ಮಗು ಸಂಡೂರಿಗೆ, ಅಜ್ಜಿಯ ಹತ್ತಿರ. ತಾಯಿ ಬೇಕಾದರೆ ಹೋಗಿ ಇರಬಹುದು, ಗಂಡ ಬೇಡವೆನ್ನುವುದಿಲ್ಲ. ಮಾರೇಶ ಬೇಡವೆನ್ನಲಿಲ್ಲ. ದುರುಗವ್ವನಿಗೆ ಅರ್ಥವಾದದ್ದು ಪ್ರವೀಣ ಮನೆಯಿಂದ ಅವಳ ಶಾಲೆಯ ಚೀಲ ತಂದು ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿದಾಗ. "ನಾಳಿಗೆ ಟೆಸ್ಟ್ ಐತಿ" ಎಂದಳು ಮಗು, ಯಾರಿಗೆ ಹೇಳಬೇಕೋ ತಿಳಿಯದೆ ಎಲ್ಲರಿಗೂ. ಚಹಾ ಬಂತು. ವ್ಯಾಸರಾಜರು ಕುಡಿದರು, ಕಾಲುವೆಯ ತೂಬಿನ ಬಗ್ಗೆ ಎರಡು ಮಾತಾಡಿದರು. ನೀರಜಾಳ ಕೈಯ ಲೋಟದಲ್ಲಿ ಚಹಾದ ಮೇಲೆ ಕೆನೆ ಕಟ್ಟಿತು, ಅವಳು ಅದನ್ನೇ ನೋಡುತ್ತಿದ್ದಳು.

ಕಾರಿನ ಹತ್ತಿರ ಬಂದಾಗ ಎರ್ರೆಮ್ಮ ಹಿಂದೆಯೇ ಬಂದಳು. ಕಂಕುಳಲ್ಲಿ ಚೌಕಟ್ಟು. ವ್ಯಾಸರಾಜರು ಆಚೆ ಬದಿಯಲ್ಲಿ ಅಂಜಿನಯ್ಯನಿಗೆ ಕೈ ಮುಗಿಯುತ್ತಿದ್ದರು. "ತಗಂಡ್ ಹೋಗ್ರಿ ಅಕ್ಕಾರ" ಎಂದಳು ಎರ್ರೆಮ್ಮ, "ಇದು ನಿಮ್ದು." ನೀರಜಾ ಏನೋ ಹೇಳಲು ಹೋದಳು. ಎರ್ರೆಮ್ಮ ತಲೆಯಾಡಿಸಿ, ಚೌಕಟ್ಟನ್ನು ಇವಳ ಕೈಗೆ ಹಿಡಿಸುವ ನೆಪದಲ್ಲಿ ಬಗ್ಗಿ, ಕಿವಿಯ ಹತ್ತಿರ ಮೆಲ್ಲಗೆ ಎಂದಳು. "ಮಲಗಿದಾಗ ಬ್ಯಾಡ್ರಿ ಅಕ್ಕಾರ. ಅದಕ್ಕ ಕೈ ಏಳಂಗಿಲ್ಲ. ಎದ್ದಾಗ ಬಡೀರಿ." ಹೇಳಿ ತಿರುಗಿ ನೋಡದೆ ಬೈಕಿನ ಕಡೆಗೆ ನಡೆದಳು. ಮಗುವಿನ ಜಡೆಯ ಟೇಪು ಬಿಚ್ಚಿಕೊಂಡಿತ್ತು, ಕಟ್ಟತೊಡಗಿದಳು.

ವ್ಯಾಸರಾಜರು ಒಳಗೆ ಕೂತು ಎ.ಸಿ. ಹಾಕಿದರು, ಗಾಡಿ ಬಿಡಲಿಲ್ಲ. ಇವಳ ಮಡಿಲಿಂದ ಚೌಕಟ್ಟನ್ನು ಎತ್ತಿಕೊಂಡು ಸ್ಟೀರಿಂಗಿಗೆ ಆನಿಸಿ ಓದಿದರು. ಫೈಲು ಓದುವವರಂತೆ, ಮೇಲಿನಿಂದ ಕೆಳಗೆ, ಸೀಲಿನವರೆಗೆ. ಹದಿನೇಳು ವರ್ಷದಲ್ಲಿ ಅವರು ಅವಳ ಒಂದು ಕವಿತೆಯನ್ನು ಪೂರ್ತಿ ಓದಿದ್ದು ಅದೇ ಮೊದಲು. ಓದಿ ಹಿಂದಿನ ಸೀಟಿನ ಮೇಲೆ ಬೋರಲಾಗಿ ಇಟ್ಟರು. ದನಿ ಎಂದಿನಷ್ಟೇ ಮೆತ್ತಗಿತ್ತು.

"ಎಷ್ಟು ದಿನದಿಂದ ಕಾಯ್ಲಿಕ್ಕತ್ತೀ?"

ಅದು ಕವಿತೆ ರೀ ಎನ್ನಬಹುದಿತ್ತು. ಅವಳು ಎದುರಿನ ಗಾಜಿನಾಚೆ ನೋಡಿದಳು. "ಗೃಹಪ್ರವೇಶದ ದಿನದಿಂದ" ಎಂದಳು. ಹೇಳಿದ ಮೇಲೆ ತನ್ನ ದನಿ ನಡುಗಲಿಲ್ಲವೆಂಬುದು ಅವಳ ಗಮನಕ್ಕೆ ಬಂತು. ಇಷ್ಟೇ ಆ ಮಾತು. ಅರ್ಧ ಗಂಟೆಯ ಹಿಂದೆ, ಐವತ್ತು ಹೆಜ್ಜೆಯ ಆಚೆ ಆಡಿದ್ದರೆ ಒಂದು ಮಗು ತಾಯಿಯ ಹತ್ತಿರ ಉಳಿಯುತ್ತಿತ್ತು. ಇಲ್ಲಿ ಅದನ್ನು ಕೇಳಿಸಿಕೊಂಡವರು ಒಬ್ಬರೇ, ಅದರಿಂದ ಯಾರಿಗೂ ಏನೂ ಆಗಬೇಕಾದದ್ದಿಲ್ಲ. ಅಂಜಿನಯ್ಯ ಇನ್ನೂ ಕಟ್ಟೆಯಿಂದ ಎದ್ದಿರಲಿಲ್ಲ. ಜಮಖಾನ ಮಡಿಸಿರಲಿಲ್ಲ. ಪ್ರವೀಣ ಬೈಕಿಗೆ ಕಿಕ್ ಹೊಡೆಯುತ್ತಿದ್ದ, ಅದು ಹಿಡಿಯುತ್ತಿರಲಿಲ್ಲ. ಕಾರಿನ ಬಾಗಿಲು ಲಾಕ್ ಆಗಿರಲಿಲ್ಲ, ಅವಳ ಕೈ ಹಿಡಿಕೆಯ ಮೇಲೇ ಇತ್ತು.

"ಬೆಲ್ಟ್ ಹಾಕ್ಕೋ" ಎಂದರು ವ್ಯಾಸರಾಜರು.

ಅವಳು ಬೆಲ್ಟ್ ಹಾಕಿಕೊಂಡಳು.